ಸೂರ್ಯಕಿರಣ ತಂಡದ ಪ್ಯಾಚ್ ಸಂಗ್ರಹ: ಹುಡುಕುವುದರಿಂದ ಆಲ್ಬಮ್‌ಗೆ ಸೇರಿಸುವವರೆಗೆ

ಸೂರ್ಯಕಿರಣ ಎಂದರೆ ನಮ್ಮ ವಾಯುಪಡೆಯ ವಿಮಾನ ಕಸರತ್ತಿನ ತಂಡ. ಅದರ ಪೈಲಟ್‌ಗಳು ಪ್ರದರ್ಶನ ಮುಗಿಸಿ ಜನರ ಹತ್ತಿರ ಬಂದಾಗ ಅವರು ತೊಟ್ಟ ಓವರಾಲ್, ಅಂದರೆ ಹಾರಾಟದ ಉಡುಪಿನ ಕಡೆ ಸ್ವಲ್ಪ ಕಣ್ಣು ಹಾಯಿಸಿ. ಎದೆ, ತೋಳುಗಳ ಮೇಲೆ ಹೆಸರಿನ ಪಟ್ಟಿ, ತಂಡದ ಲಾಂಛನ, ತ್ರಿವರ್ಣ ಧ್ವಜ, ಹೀಗೆ ನಾಲ್ಕಾರು ಬಟ್ಟೆಯ ಬಿಲ್ಲೆಗಳು ಕಾಣುತ್ತವೆ. ಇವೇ ಪ್ಯಾಚ್‌ಗಳು. ಸ್ಟಾಂಪು, ನಾಣ್ಯ ಕೂಡಿಡುವವರಿದ್ದ ಹಾಗೆ ಇವನ್ನು ಕೂಡಿಡುವವರೂ ಜಗತ್ತಿನ ತುಂಬ ಇದ್ದಾರೆ.

ಕರ್ನಾಟಕದವರಿಗೆ ಈ ತಂಡ ಪಕ್ಕದ ಮನೆಯವರಿದ್ದಂತೆ. ನೆಲೆ ಬೀದರ್. ಮೊದಲು ಹಾರಿಸಿದ ಕಿರಣ್ ವಿಮಾನವನ್ನು ವಿನ್ಯಾಸ ಮಾಡಿದ್ದು ಬೆಂಗಳೂರಿನ ಎಚ್‌ಎಎಲ್. ಈಗಿನ ಹಾಕ್ ಬ್ರಿಟಿಷ್ ವಿನ್ಯಾಸ, ಆದರೆ ಪರವಾನಗಿ ಪಡೆದು ಅದನ್ನೂ ಎಚ್‌ಎಎಲ್ ಬೆಂಗಳೂರಿನಲ್ಲೇ ಕಟ್ಟಿತು. ಹಾಗಾಗಿ ಪ್ಯಾಚ್ ಸಂಗ್ರಹ ಶುರು ಮಾಡಲು ನಮಗೆ ಇದಕ್ಕಿಂತ ಒಳ್ಳೆಯ ತಂಡ ಬೇರೆ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸಬರು ಕೇಳುವ ಮೊದಲ ಪ್ರಶ್ನೆ "ಇದು ಒರಿಜಿನಲ್ಲಾ?" ಎಂಬುದು. ನಮ್ಮ ದೇಶದಲ್ಲಿ ಇದಕ್ಕೆ ನೇರ ಉತ್ತರ ಕಷ್ಟ. ಸ್ಕ್ವಾಡ್ರನ್‌ಗಳು, ಅಂದರೆ ವಾಯುಪಡೆಯ ಘಟಕಗಳು, ತಮ್ಮ ಪ್ಯಾಚ್‌ಗಳನ್ನು ಖಾಸಗಿ ಎಂಬ್ರಾಯ್ಡರಿ ಅಂಗಡಿಗಳಲ್ಲೇ ಹೊಲಿಸಿಕೊಳ್ಳುವುದು ಸಾಮಾನ್ಯ. ಅದೇ ಯಂತ್ರ, ಅದೇ ದಾರ, ಅದೇ ಕೈ ಮುಂದಿನ ವಾರ ಅಂಗಡಿಯ ಮಾರಾಟಕ್ಕೂ ಇನ್ನೊಂದಿಷ್ಟು ಹೊಲಿಯಬಹುದು. ಬಟ್ಟೆ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಬೇರೆ ಮಾಡುವುದು ಒಂದೇ: ಅದು ಯಾರ ಕೈಯಿಂದ, ಯಾವತ್ತು, ಎಲ್ಲಿ ನಿಮಗೆ ಬಂತು ಎಂಬ ದಾಖಲೆ. ಈ ಹವ್ಯಾಸದಲ್ಲಿ ಅರ್ಧ ಕೆಲಸ ಹುಡುಕುವುದು, ಇನ್ನರ್ಧ ಬರೆದಿಡುವುದು.

ಹೆಜ್ಜೆ 1: ತಂಡದ ಇತಿಹಾಸ ಬಾಯಿಪಾಠ ಮಾಡಿಕೊಳ್ಳಿ

ದುಡ್ಡು ಬಿಚ್ಚುವ ಮೊದಲು ಇದೊಂದು ಕೆಲಸ ಆಗಲೇಬೇಕು. ಇಸವಿಗಳು ಗೊತ್ತಿದ್ದರೆ ಮಾರುವವರ ಅರ್ಧ ಕಥೆ ಅಲ್ಲೇ ಬಿದ್ದುಹೋಗುತ್ತದೆ.

ತಂಡ ಶುರುವಾಗಿದ್ದು 1996ರಲ್ಲಿ, ಬೀದರ್‌ನಲ್ಲಿ, ಕಿರಣ್ ಮಾರ್ಕ್ 2 ವಿಮಾನಗಳೊಂದಿಗೆ. ಮೊದಲು ನಾಲ್ಕು ವಿಮಾನ, ಆಮೇಲೆ ಆರು, ಕೆಲವೇ ವರ್ಷಗಳಲ್ಲಿ ಒಂಬತ್ತು. 2006ರಲ್ಲಿ ತಂಡಕ್ಕೆ ಸ್ಕ್ವಾಡ್ರನ್ ದರ್ಜೆ ಸಿಕ್ಕಿತು. ಈಗ ಅದು 52ನೇ ಸ್ಕ್ವಾಡ್ರನ್, ಅಡ್ಡಹೆಸರು 'ಶಾರ್ಕ್ಸ್'. 2011ರ ಫೆಬ್ರವರಿಯ ಏರೋ ಇಂಡಿಯಾ ಆದ ಮೇಲೆ ಪ್ರದರ್ಶನ ನಿಂತುಹೋಯಿತು. ವಾಯುಪಡೆಯಲ್ಲಿ ತರಬೇತಿ ವಿಮಾನಗಳ ಕೊರತೆ ಇತ್ತು, ಕಿರಣ್‌ಗಳು ಪಾಠ ಹೇಳಿಕೊಡುವ ಕೆಲಸಕ್ಕೆ ಬೇಕಾದವು. 2015ರಲ್ಲಿ ಹಾಕ್ ಮಾರ್ಕ್ 132ರೊಂದಿಗೆ ಮತ್ತೆ ನಾಲ್ಕು ವಿಮಾನದಿಂದ ಆರಂಭಿಸಿ, ಮುಂದಿನ ಒಂದೆರಡು ವರ್ಷಗಳಲ್ಲಿ ಒಂಬತ್ತಕ್ಕೆ ಮರಳಿದರು.

ಈಗ ಇದನ್ನು ಪ್ಯಾಚ್‌ಗೆ ಹಚ್ಚಿ ನೋಡಿ. ವಿಮಾನದ ರೆಕ್ಕೆ ನೇರವಾಗಿ ಅಡ್ಡಕ್ಕೆ ಚಾಚಿದ್ದರೆ, ಮೂತಿ ದಪ್ಪವಾಗಿದ್ದರೆ ಅದು ಕಿರಣ್. ಕಿರಣ್‌ನಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಾರೆ, ಅದಕ್ಕೇ ಮುಂಭಾಗ ಅಗಲ. ರೆಕ್ಕೆ ಹಿಂದಕ್ಕೆ ಬಾಗಿದ್ದು, ಒಬ್ಬರ ಹಿಂದೆ ಒಬ್ಬರು ಕೂರುವ ಉದ್ದನೆಯ ಗಾಜಿನ ಮುಚ್ಚಳ ಇದ್ದರೆ ಹಾಕ್. "2005ರ ಹಳೆಯ ಪ್ಯಾಚ್" ಅಂತ ಹೇಳಿ ಹಾಕ್ ಚಿತ್ರ ಇರುವುದನ್ನು ಕೊಟ್ಟರೆ ನಗುತ್ತಾ ವಾಪಸ್ ಕೊಡಿ. 52 ಎಂಬ ಅಂಕಿ ಇದ್ದರೆ ಅದು 2006ಕ್ಕಿಂತ ಹಿಂದಿನದಲ್ಲ. ಒಂಬತ್ತು ವಿಮಾನದ ವಜ್ರಾಕೃತಿ ಇದ್ದು "ಮೊದಲ ವರ್ಷದ್ದು ಸಾರ್" ಅಂದರೆ ಅದೂ ಸುಳ್ಳು, ಮೊದಲ ವರ್ಷ ಒಂಬತ್ತು ಇರಲಿಲ್ಲ. ಇನ್ನು ಸೂರ್ಯಕಿರಣದ "ಏರೋ ಇಂಡಿಯಾ 2013" ಪ್ಯಾಚ್ ಕಂಡರೆ ಅದು ಯಾರದೋ ಕಲ್ಪನೆ. ಆ ವರ್ಷ ಯಲಹಂಕದಲ್ಲಿ ರಷ್ಯಾದ ತಂಡ ರಷ್ಯನ್ ನೈಟ್ಸ್ ಹಾರಿತು, ನಮ್ಮ ಹೆಲಿಕಾಪ್ಟರ್ ತಂಡ ಸಾರಂಗ್ ಹಾರಿತು, ಸೂರ್ಯಕಿರಣ ಹಾರಲಿಲ್ಲ.

ಹತ್ತಿರದ ನೆಂಟರನ್ನೂ ಗುರುತಿಟ್ಟುಕೊಳ್ಳಿ. ಗೊಂದಲ ಜಾಸ್ತಿ ಆಗುವುದು ಇಲ್ಲೇ. ಥಂಡರ್‌ಬೋಲ್ಟ್ಸ್ 1982ರಲ್ಲಿ ಶುರುವಾದ ಹಂಟರ್ ವಿಮಾನಗಳ ತಂಡ, 1989ರವರೆಗೆ ಹಾರಿತು. ಇದರ ಅಸಲಿ ಪ್ಯಾಚ್ ಸಿಗುವುದು ಅಪರೂಪ, ನಕಲು ಧಾರಾಳ. ಸಾರಂಗ್ ಧ್ರುವ ಹೆಲಿಕಾಪ್ಟರ್‌ಗಳ ತಂಡ. 2003ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 2004ರಲ್ಲಿ ಸಿಂಗಪುರದಲ್ಲಿ ಮೊದಲ ಪ್ರದರ್ಶನ ಕೊಟ್ಟು, ಆಮೇಲೆ ತಮಿಳುನಾಡಿನ ಸೂಲೂರಿಗೆ ಹೋಯಿತು. ನವಿಲಿದ್ದರೆ ಸಾರಂಗ್, ಗುರುತು ಸುಲಭ. ಕಷ್ಟ ಕೊಡುವುದು ನೌಕಾಪಡೆಯ ಸಾಗರ್ ಪವನ್. ಅವರೂ ಕಿರಣ್ ಮಾರ್ಕ್ 2 ಹಾರಿಸುತ್ತಿದ್ದರು, ನಾಲ್ಕು ವಿಮಾನ, ಗೋವಾದಿಂದ. 2010ರ ಮಾರ್ಚ್‌ನಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿ ಅಪಘಾತವಾದ ಮೇಲೆ ಆ ತಂಡ ಮುಗಿಯಿತು. ಬರೀ ಕಿರಣ್ ಚಿತ್ರ ನೋಡಿ ಸೂರ್ಯಕಿರಣ ಅಂದುಕೊಳ್ಳಬೇಡಿ. ಲಂಗರು, ಸಮುದ್ರದ ಗುರುತು ಇದೆಯಾ ನೋಡಿ. ಇದ್ದರೆ ಅದು ಇನ್ನೂ ಅಪರೂಪದ ವಸ್ತು, ಬಿಡಬೇಡಿ.

ಹೆಜ್ಜೆ 2: ಏನು ಬೇಕು ಅಂತ ಗೆರೆ ಹಾಕಿಕೊಳ್ಳಿ

ಸಿಕ್ಕಿದ್ದೆಲ್ಲ ಕೊಂಡರೆ ಆರು ತಿಂಗಳಲ್ಲಿ ಡಬ್ಬಿ ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ತಂಡದ ಮುಖ್ಯ ಲಾಂಛನದ ಬೇರೆ ಬೇರೆ ಕಾಲದ ರೂಪಗಳು ಒಂದು ದಾರಿ. ವಿಮಾನದ ಪ್ಯಾಚ್‌ಗಳು ಇನ್ನೊಂದು. ಒಂದೊಂದು ಕಾರ್ಯಕ್ರಮಕ್ಕೆಂದೇ ಹೊಲಿಸಿದ ಪ್ಯಾಚ್‌ಗಳದ್ದು ಮೂರನೆಯ ದಾರಿ: ಏರೋ ಇಂಡಿಯಾ, ವಾಯುಪಡೆ ದಿನ, ವಿದೇಶ ಪ್ರವಾಸ. 2008ರಲ್ಲಿ ತಂಡ ಚೀನಾದ ಝುಹೈ ಪ್ರದರ್ಶನಕ್ಕೆ ಹೋಗಿತ್ತು, 2021ರ ಮಾರ್ಚ್‌ನಲ್ಲಿ ಶ್ರೀಲಂಕಾ ವಾಯುಪಡೆಯ 70ನೇ ವರ್ಷಕ್ಕೆ ಕೊಲಂಬೊದಲ್ಲಿ ಹಾರಿತ್ತು. ಇಂಥ ಪ್ರವಾಸಗಳ ಪಟ್ಟಿ ಮಾಡಿಕೊಂಡು ಹುಡುಕಿದರೆ ಹುಡುಕಾಟಕ್ಕೆ ಒಂದು ದಿಕ್ಕು ಬರುತ್ತದೆ.

ನನ್ನ ಆಯ್ಕೆ ಕೇಳಿದರೆ, ನೆಲದ ಸಿಬ್ಬಂದಿಯ ಪ್ಯಾಚ್‌ಗಳು. ಎಲ್ಲರೂ ಪೈಲಟ್‌ಗಳ ಹಿಂದೆ ಬೀಳುತ್ತಾರೆ. ಒಂಬತ್ತು ವಿಮಾನ ಒಟ್ಟಿಗೆ ಮೇಲೇಳಬೇಕಾದರೆ ಕೆಳಗೆ ದುಡಿಯುವ ಎಂಜಿನಿಯರುಗಳು, ತಂತ್ರಜ್ಞರು ಎಷ್ಟು ಜನ! ಅವರನ್ನು ಮಾತಾಡಿಸುವವರು ಕಡಿಮೆ, ಅವರ ಹತ್ತಿರ ಕಥೆಗಳು ಜಾಸ್ತಿ.

ಒಂದನ್ನು ಮಾತ್ರ ಕೊಳ್ಳಬೇಡಿ: ಹೆಸರಿರುವ ಎದೆಪಟ್ಟಿ. ಅದು ಒಬ್ಬ ವ್ಯಕ್ತಿಯ ಸ್ವಂತ ವಸ್ತು. ಈ ತಂಡ ಅಪಘಾತಗಳಲ್ಲಿ ತನ್ನ ಪೈಲಟ್‌ಗಳನ್ನು ಕಳೆದುಕೊಂಡಿದೆ, 2009ರಲ್ಲಿ ಬೀದರ್ ಬಳಿ, 2019ರ ಫೆಬ್ರವರಿ 19ರಂದು ಯಲಹಂಕದ ಅಭ್ಯಾಸದ ವೇಳೆ. ಹೆಸರಿನ ಪಟ್ಟಿ ಆ ಅಧಿಕಾರಿಯೇ ತಮ್ಮ ಕೈಯಾರೆ ಕೊಟ್ಟರೆ ಇಟ್ಟುಕೊಳ್ಳಿ. ಮಾರಾಟಕ್ಕೆ ಬಂದಿದ್ದರೆ ದೂರ ಇರಿ.

ಹೆಜ್ಜೆ 3: ಹುಡುಕುವ ಜಾಗ, ಕೇಳುವ ರೀತಿ

ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುತ್ತದೆ. ಬರೀ ಹಾರಾಟ ನೋಡುವ ಅಡ್ವಾ ಟಿಕೆಟ್ ತೆಗೆದುಕೊಂಡರೆ ಮಳಿಗೆಗಳ ಕಡೆ ಬಿಡುವುದಿಲ್ಲ. ಪ್ಯಾಚ್ ಹುಡುಕುವವರಿಗೆ ಒಳಗಿನ ಪ್ರದರ್ಶನಕ್ಕೂ ಬಿಡುವ ಟಿಕೆಟ್ಟೇ ಬೇಕು. ಸ್ಮರಣಿಕೆ ಮಳಿಗೆ ಇದ್ದರೆ ಮೊದಲು ಅಲ್ಲಿಗೆ ಹೋಗಿ, ಬಿಲ್ ಕೇಳಿ ಪಡೆಯಿರಿ. ಆ ಬಿಲ್ಲೇ ನಿಮ್ಮ ಮೊದಲ ದಾಖಲೆ.

ತಂಡದವರನ್ನು ನೇರ ಕೇಳುವುದಾದರೆ ಹೊತ್ತು ನೋಡಿ ಕೇಳಿ. ಹಾರಾಟದ ಮುಂಚೆ ಬೇಡವೇ ಬೇಡ. ಆಗ ಅವರ ತಲೆಯಲ್ಲಿ ಬೇರೇನೋ ಓಡುತ್ತಿರುತ್ತದೆ. ಪ್ರದರ್ಶನ ಮುಗಿದು ಮಕ್ಕಳಿಗೆ ಹಸ್ತಾಕ್ಷರ ಹಾಕಿಕೊಡುವ ಹೊತ್ತು ಸರಿ. "ಸರ್, ಪ್ಯಾಚ್ ಕೊಡಿ" ಅಂತ ತೋಳಿನ ಕಡೆ ಬೆರಳು ತೋರಿಸಬೇಡಿ. "ಸರ್, ನಾನು ಪ್ಯಾಚ್ ಸಂಗ್ರಹಿಸುತ್ತೇನೆ, ನಿಮ್ಮ ತಂಡದ್ದು ಸ್ಮರಣಿಕೆ ಅಂಗಡಿಯಲ್ಲಿ ಎಲ್ಲಿ ಸಿಗುತ್ತದೆ?" ಅಂತ ಕೇಳಿ. ಇದು ಮರ್ಯಾದೆಯ ಪ್ರಶ್ನೆ. ಅವರ ಬಳಿ ಹೆಚ್ಚಿದ್ದು, ಕೊಡುವ ಮನಸ್ಸಿದ್ದರೆ ಅವರೇ ಕೊಡುತ್ತಾರೆ. ಇಲ್ಲವಾದರೆ ವಿಳಾಸ ಹೇಳುತ್ತಾರೆ. ಎರಡೂ ಲಾಭವೇ ಅಲ್ವಾ?

ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಮೇಲೆ ತಂಡ ಹಾರಿದೆ. ಅಂಥ ಊರಿನ ಕಾರ್ಯಕ್ರಮಗಳಲ್ಲಿ ವಿಮಾನ ಬೇರೆಲ್ಲೋ ಇಳಿಯುತ್ತದೆ, ಪೈಲಟ್‌ಗಳು ಕಣ್ಣಿಗೇ ಬೀಳದಿರಬಹುದು. ಪ್ಯಾಚ್ ಸಿಗುತ್ತದೆ ಅಂತ ಹೋದರೆ ನಿರಾಸೆ, ಹಾರಾಟ ನೋಡಲು ಹೋಗಿ. ಬೀದರ್‌ನವರು ಪುಣ್ಯವಂತರು, ಅಭ್ಯಾಸವನ್ನೇ ಮನೆ ಮಹಡಿಯಿಂದ ನೋಡುತ್ತಾರೆ. ಆದರೆ ವಾಯುನೆಲೆಯ ಗೇಟಿನ ಮುಂದೆ ಹೋಗಿ ನಿಂತು ಬಂದುಹೋಗುವವರನ್ನು ಪ್ಯಾಚ್ ಕೇಳುವುದು, ಫೋಟೊ ಹೊಡೆಯುವುದು ಬೇಡ.

ಉಳಿದದ್ದು ಅಂಗಡಿಗಳು. ದಂಡು ಪ್ರದೇಶ ಇರುವ ಊರುಗಳಲ್ಲೆಲ್ಲ ಮಿಲಿಟರಿ ಸಾಮಾನಿನ ಅಂಗಡಿಗಳಿರುತ್ತವೆ. ದೆಹಲಿ ಕಂಟೋನ್ಮೆಂಟಿನ ಗೋಪಿನಾಥ್ ಬಜಾರ್ ಇದಕ್ಕೇ ಹೆಸರುವಾಸಿ. ಇಲ್ಲಿ ಕೆಲವು ನೂರು ರೂಪಾಯಿಗೆ ಸಿಗುವುದನ್ನು ಅಂಗಡಿಯ ಪ್ಯಾಚ್ ಅಂತಲೇ ಕೊಂಡು, ಅಂಗಡಿಯ ಪ್ಯಾಚ್ ಅಂತಲೇ ಬರೆದಿಡಿ. ಅದರಲ್ಲಿ ಕೀಳರಿಮೆ ಏನೂ ಬೇಡ. ನಿವೃತ್ತ ವಾಯುಪಡೆಯವರು ಮಾತ್ರ ನಿಜವಾದ ಖಜಾನೆ. ನಿಮ್ಮ ನೆಂಟರಲ್ಲೋ ಬೀದಿಯಲ್ಲೋ ಒಬ್ಬರಾದರೂ ಇರುತ್ತಾರೆ. ಬೆಂಗಳೂರಿನಲ್ಲಂತೂ ವಾಯುಪಡೆಯ ನೆಲೆ ಇರುವ ಜಾಲಹಳ್ಳಿ ಕಡೆ ಹೋದರೆ ಕೇಳುವುದೇ ಬೇಡ. ಹೋಗಿ, ಕಾಫಿ ಕುಡಿದು, ಮೊದಲು ಅವರ ಕಥೆ ಕೇಳಿ.

ಹೆಜ್ಜೆ 4: ಕೈಗೆ ಬಂದದ್ದನ್ನು ತಿರುಗಿಸಿ ನೋಡಿ

ಎಲ್ಲರೂ ಪ್ಯಾಚಿನ ಮುಖ ನೋಡುತ್ತಾರೆ. ನೀವು ಬೆನ್ನು ನೋಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಒಂದು ಸ್ಕೇಲು, ಓರೆಯಾಗಿ ಹಿಡಿಯಲು ಒಂದು ಟಾರ್ಚು ಸಾಕು.

ಮೊದಲು ಅಂಚು. ಸುತ್ತಲೂ ದಪ್ಪ ದಾರದಿಂದ ಹೊಲಿದ ಉಬ್ಬು ಅಂಚು ಇದ್ದರೆ, ಅದು ಶುರುವಾಗಿ ಮುಗಿಯುವ ಜಾಗದಲ್ಲಿ ಹಿಂದೆ ಸಣ್ಣ ಬಾಲ ಉಳಿಯುತ್ತದೆ. ಅದನ್ನು ಅಂಟು ಹಾಕಿಯೋ ಟೇಪ್ ಹಚ್ಚಿಯೋ ಒಳಗೆ ಮಡಚಿರುತ್ತಾರೆ. ಅಂಚು ಚಪ್ಪಟೆಯಾಗಿ, ಬಟ್ಟೆಯ ತುದಿ ಸ್ವಲ್ಪ ಕರಗಿ ಗಟ್ಟಿಯಾದಂತಿದ್ದರೆ ಲೇಸರ್‌ನಲ್ಲಿ ಕತ್ತರಿಸಿದ್ದು. ತೊಂಬತ್ತರ ದಶಕದ್ದು ಅಂತ ಹೇಳಿದ ಪ್ಯಾಚ್‌ನಲ್ಲಿ ಲೇಸರ್ ಅಂಚು ಕಂಡರೆ ಹುಬ್ಬೇರಿಸಿ.

ಆಮೇಲೆ ಅಕ್ಷರಗಳು. ನಮ್ಮ ಸ್ಕ್ವಾಡ್ರನ್ ಲಾಂಛನಗಳಲ್ಲಿ ಮೇಲೆ ಅಶೋಕ ಸ್ತಂಭದ ಸಿಂಹಗಳು, ಕೆಳಗಿನ ಪಟ್ಟಿಯಲ್ಲಿ ದೇವನಾಗರಿ ಧ್ಯೇಯವಾಕ್ಯ ಇರುತ್ತದೆ. ಸೂರ್ಯಕಿರಣದ ಧ್ಯೇಯವಾಕ್ಯ 'ಸದೈವ ಸರ್ವೋತ್ತಮ್'. ಕಳಪೆ ನಕಲುಗಳು ಎಡವುವುದು ಇಲ್ಲೇ. ಇದರಲ್ಲಿ ದೈ ಮೇಲಿನ ಎರಡು ಗೆರೆ, ವೋ ಮೇಲೆ ಕೂರುವ ಅರ್ಕಾವೊತ್ತು, ತ್ತ ಒತ್ತಕ್ಷರ ಎಲ್ಲ ಇವೆ. ನಾಲ್ಕೈದು ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಇಷ್ಟನ್ನೂ ದಾರದಲ್ಲಿ ಕೂರಿಸುವುದು ಸುಲಭವಲ್ಲ. ಫೋಟೊ ನೋಡಿ ವಿನ್ಯಾಸ ಎತ್ತಿದವನಿಗೆ ದೇವನಾಗರಿ ಬರದಿದ್ದರೆ ಎರಡು ಗೆರೆ ಒಂದಾಗುತ್ತದೆ, ಅರ್ಕಾವೊತ್ತು ಬರೀ ಚುಕ್ಕೆಯಾಗುತ್ತದೆ, ತ್ತ ಅನ್ನುವುದು ಸುಮ್ನೆ ದಾರದ ಗಂಟಾಗುತ್ತದೆ. ಸಿಂಹಗಳ ಮುಖವೂ ಹೀಗೇ. ಒಳ್ಳೆಯ ಹೊಲಿಗೆಯಲ್ಲಿ ಮೂರು ತಲೆ ಬೇರೆ ಬೇರೆ ಕಾಣುತ್ತವೆ, ಕೆಟ್ಟದ್ದರಲ್ಲಿ ಹಳದಿ ಮುದ್ದೆ.

ಬೆನ್ನಿಗೆ ಬನ್ನಿ. ಈಗಿನ ಓವರಾಲ್ ಪ್ಯಾಚ್‌ಗಳಿಗೆ ವೆಲ್ಕ್ರೋ ಇರುತ್ತದೆ. ಕೊಕ್ಕೆ ಇರುವ ಒರಟು ಭಾಗ ಪ್ಯಾಚಿನ ಹಿಂದೆ, ಮೆತ್ತನೆಯ ಭಾಗ ಬಟ್ಟೆಯ ಮೇಲೆ. ನಿಜವಾಗಿ ತೊಟ್ಟ ಪ್ಯಾಚಿನ ಕೊಕ್ಕೆಗಳ ನಡುವೆ ಓವರಾಲಿನ ನೂಲು, ಧೂಳು ಸಿಕ್ಕಿಕೊಂಡಿರುತ್ತದೆ. ಅದನ್ನು ಕಿತ್ತು ಶುಚಿ ಮಾಡಬೇಡಿ. ಆ ನೂಲಿನ ಬಣ್ಣವೇ ಅದು ಯಾವ ಉಡುಪಿನ ಮೇಲಿತ್ತು ಎಂಬುದರ ಸಾಕ್ಷಿ. ಕೊಕ್ಕೆ ಹೊಚ್ಚಹೊಸದಾಗಿದ್ದು ಮುಖ ಮಾತ್ರ ಮಾಸಿದ್ದರೆ ಅನುಮಾನಪಡಿ.

ಹಳೆಯದು ಮಾಡುವ ಆಟಗಳೂ ಇವೆ. ಚಹಾ ನೀರಿನಲ್ಲಿ ನೆನೆಸುತ್ತಾರೆ, ಉಪ್ಪುಕಾಗದದಲ್ಲಿ ಉಜ್ಜುತ್ತಾರೆ. ಬಿಸಿಲಿಗೆ ಮಾಸಿದ ಪ್ಯಾಚ್‌ನಲ್ಲಿ ಮುಖ ಮಾತ್ರ ತಿಳಿಯಾಗಿ, ಬೆನ್ನಿನ ದಾರ ಗಾಢವಾಗೇ ಉಳಿದಿರುತ್ತದೆ. ಚಹಾದಲ್ಲಿ ಮುಳುಗಿಸಿದ್ದು ಎರಡೂ ಕಡೆ ಒಂದೇ ಸಮ ಕಂದು. ಮೂಗಿಗೆ ಹಿಡಿದರೂ ಒಮ್ಮೊಮ್ಮೆ ಗೊತ್ತಾಗುತ್ತದೆ.

ನೇರಳೆ ಬೆಳಕಿನ ಟಾರ್ಚ್ ಹಿಡಿದು "ಹೊಳೆದರೆ ನಕಲು" ಅನ್ನುವವರು ಸಿಗುತ್ತಾರೆ. ಅದು ಎರಡನೇ ಮಹಾಯುದ್ಧದ ಪ್ಯಾಚ್‌ಗಳಿಗೆ ಬಳಸುವ ಉಪಾಯ. ಆಗಿನ ಹತ್ತಿ ದಾರ ಹೊಳೆಯುತ್ತಿರಲಿಲ್ಲ. 1996ರ ನಂತರದ ಪಾಲಿಯೆಸ್ಟರ್ ದಾರ ಅಸಲಿಯಲ್ಲೂ ಹೊಳೆಯುತ್ತದೆ, ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಇನ್ನೂ ಜೋರಾಗಿ ಹೊಳೆಯುತ್ತದೆ. ಸೂರ್ಯಕಿರಣಕ್ಕೆ ಆ ಟಾರ್ಚ್ ದಂಡ.

ಹೆಜ್ಜೆ 5: ಅದೇ ದಿನ ಬರೆದಿಡಿ

ಒಂದು ಲೆಕ್ಕದ ಪುಸ್ತಕ ಅಥವಾ ಎಕ್ಸೆಲ್ ಹಾಳೆ, ಯಾವುದಾದರೂ ಸರಿ. ನಾಳೆ ಬರೆಯೋಣ ಅನ್ನಬೇಡಿ. ಒಂದು ನಮೂದು ಹೀಗಿರಬಹುದು:

"ಸೂ.ಕಿ. 14. ದುಂಡನೆಯದು, ಅಡ್ಡಳತೆ 90 ಮಿ.ಮೀ. ಹಾಕ್, ಒಂಬತ್ತು ವಿಮಾನ. ಉಬ್ಬು ಅಂಚು, ಬಾಲ ಬೆನ್ನಿನ ಎಡಕ್ಕೆ. ಕಪ್ಪು ವೆಲ್ಕ್ರೋ ಕೊಕ್ಕೆ, ನೂಲು ಸಿಕ್ಕಿದೆ. ಕೆಳ ಅಂಚಿನಲ್ಲಿ ಮೂರು ದಾರ ಬಿಟ್ಟಿವೆ. ತಂಡದ ನಿವೃತ್ತ ತಂತ್ರಜ್ಞರು ಕೊಟ್ಟದ್ದು. ಅವರೇ ಹೇಳಿದ್ದು: 'ನೆಲದ ಸಿಬ್ಬಂದಿಗೆ ಹೊಲಿಸಿದ್ದು.' ನಾನು ಪರಿಶೀಲಿಸಿಲ್ಲ."

ಆ ಕೊನೆಯ ಎರಡು ಪದ ನೋಡಿ. ಕೊಟ್ಟವರು ಹೇಳಿದ್ದು ಬೇರೆ, ನೀವು ಕಣ್ಣಾರೆ ಕಂಡದ್ದು ಬೇರೆ. ಎರಡನ್ನೂ ಬೆರೆಸಿ ಬರೆದರೆ ಹತ್ತು ವರ್ಷದ ಮೇಲೆ ನಿಮಗೇ ಯಾವುದು ಯಾವುದು ಗೊತ್ತಾಗುವುದಿಲ್ಲ. ಮುಂದೆ, ಹಿಂದೆ ಎರಡೂ ಕಡೆ ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ಸಂಖ್ಯೆಯನ್ನು ಪ್ಯಾಚಿನ ಮೇಲೆ ಬರೆಯಬೇಡಿ, ಅದರ ಕವರಿನ ಒಳಗೆ ಚೀಟಿ ಇಡಿ. ಸೇವೆಯಲ್ಲಿರುವವರು ಕೊಟ್ಟಿದ್ದರೆ ಹೆಸರನ್ನು ನಿಮ್ಮ ಪುಸ್ತಕದಲ್ಲೇ ಇಟ್ಟುಕೊಳ್ಳಿ, ಫೋಟೊ ಹಂಚುವಾಗ ಹಾಕಬೇಡಿ.

ಹೆಜ್ಜೆ 6: ಕಾನೂನಿನ ಗೆರೆ

ಮನೆಯಲ್ಲಿ ಕೂಡಿಡುವುದಕ್ಕೂ ಮೈಮೇಲೆ ಹಾಕಿಕೊಂಡು ತಿರುಗುವುದಕ್ಕೂ ವ್ಯತ್ಯಾಸ ಇದೆ. ಯೋಧ ಎಂದು ಬೇರೆಯವರು ನಂಬಲಿ ಅಂತ ಸೇನೆಯ ಉಡುಪು, ಗುರುತು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ. ಮೂರು ತಿಂಗಳವರೆಗೆ ಜೈಲು ಅಥವಾ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆನ್ನುಚೀಲಕ್ಕೆ ಸ್ಮರಣಿಕೆ ಪ್ಯಾಚ್ ಅಂಟಿಸಿದರೆ ಯಾರೂ ಹಿಡಿಯುವುದಿಲ್ಲ, ಆದರೆ ಓವರಾಲ್ ತೊಟ್ಟು ಪ್ಯಾಚ್ ಹಚ್ಚಿ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ನೀವೇ ನಕಲು ಹೊಲಿಸಿ ಮಾರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಲಾಂಛನದಲ್ಲಿ ಸಿಂಹಗಳಿವೆ, ರಾಷ್ಟ್ರ ಲಾಂಛನದ ದುರ್ಬಳಕೆ ತಡೆಗೆ 2005ರ ಕಾಯ್ದೆ ಇದೆ. ಗುರುತಿನ ಚೀಟಿ, ನೆಲೆಯೊಳಗೆ ಹೋಗುವ ಪಾಸ್ ಯಾರಾದರೂ ಪ್ಯಾಚ್ ಜೊತೆ ಮಾರಲು ಬಂದರೆ ಮುಟ್ಟಲೂ ಹೋಗಬೇಡಿ.

ಹೆಜ್ಜೆ 7: ಜೋಪಾನ

ಒಗೆಯಬೇಡಿ. ಸೂರ್ಯಕಿರಣದ ವಿಮಾನಗಳು ಕೆಂಪು-ಬಿಳಿ, ಪ್ಯಾಚ್‌ಗಳಲ್ಲೂ ಈ ಎರಡು ಬಣ್ಣ ಪಕ್ಕಪಕ್ಕ ಬರುತ್ತವೆ. ಕೆಂಪು ದಾರ ಬಣ್ಣ ಬಿಟ್ಟರೆ ಬಿಳಿ ವಿಮಾನ ಗುಲಾಬಿ ಆಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಮೆತ್ತನೆ ಬ್ರಷ್‌ನಲ್ಲಿ ಧೂಳು ಕೊಡವಿದರೆ ಸಾಕು. ಬಿಟ್ಟ ದಾರ ಎಳೆಯಬೇಡಿ, ಕತ್ತರಿಸಲೂ ಬೇಡಿ.

ಆಲ್ಬಮ್ ಕೊಳ್ಳುವಾಗ ಹಾಳೆ ಪಿವಿಸಿ ಪ್ಲಾಸ್ಟಿಕ್ಕಿನದಾ ಕೇಳಿ. ಹೊಸದರಲ್ಲಿ ಜೋರು ವಾಸನೆ ಬರುವುದು ಅದೇ. ಕೆಲವು ವರ್ಷದಲ್ಲಿ ಅಂಟಂಟಾಗಿ ದಾರಕ್ಕೆ ಹತ್ತಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಹಾಳೆ ಆಗಬಹುದು. ವೆಲ್ಕ್ರೋ ಕೊಕ್ಕೆ ಪಕ್ಕದ ಪ್ಯಾಚಿನ ದಾರ ಎಳೆಯುತ್ತದೆ, ಆದ್ದರಿಂದ ಒಂದೊಂದಕ್ಕೂ ಬೇರೆ ಜೇಬು ಕೊಡಿ, ಅಥವಾ ಕೊಕ್ಕೆಯ ಮೇಲೆ ಮೆತ್ತನೆ ವೆಲ್ಕ್ರೋ ತುಂಡು ಹಚ್ಚಿ.

ಮಂಗಳೂರು, ಉಡುಪಿ, ಮಲೆನಾಡಿನವರಿಗೆ ಮಳೆಗಾಲದ ಬೂಷ್ಟು ದೊಡ್ಡ ಶತ್ರು. ಗಾಳಿಯಾಡದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಡಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ನುಸಿಗುಳಿಗೆ ಹಾಕಬೇಡಿ, ಕೆಲವು ಪ್ಲಾಸ್ಟಿಕ್ ಅದಕ್ಕೆ ಮೆತ್ತಗಾಗುತ್ತದೆ. ಚಿನ್ನ-ಬೆಳ್ಳಿ ಬಣ್ಣದ ಲೋಹದ ಎಳೆಯಲ್ಲಿ ಕೈಕೆಲಸ ಮಾಡಿದ ಜರ್ದೋಜಿ ಪ್ಯಾಚ್ ಇದ್ದರೆ ರಬ್ಬರ್ ಬ್ಯಾಂಡಿನ ಹತ್ತಿರವೂ ಇಡಬೇಡಿ, ಕಪ್ಪಾಗುತ್ತದೆ. ಗೋಡೆಗೆ ಹಾಕುವ ಆಸೆಯಿದ್ದರೆ ಅಂಗಡಿಯ ಪ್ಯಾಚ್ ಫ್ರೇಮ್ ಮಾಡಿಸಿ, ಅಪರೂಪದ್ದು ಕತ್ತಲಲ್ಲೇ ಇರಲಿ.

ಹೆಜ್ಜೆ 8: ವಿನಿಮಯ

ಎರಡೆರಡು ಬಂದವನ್ನು ಹೊರದೇಶದವರ ಜೊತೆ ಬದಲಿಸಿಕೊಳ್ಳಬಹುದು. ಬ್ರಿಟನ್ನಿನ ವಾಯುಪಡೆಯ ಕಸರತ್ತಿನ ತಂಡ ರೆಡ್ ಆರೋಸ್ ಕೂಡ 1980ರಿಂದ ಹಾಕ್ ಹಾರಿಸುತ್ತಿದೆ, ಹಾಗಾಗಿ ಅಲ್ಲಿನ ಸಂಗ್ರಾಹಕರಿಗೆ ನಮ್ಮ ಹಾಕ್ ಪ್ಯಾಚ್‌ಗಳ ಮೇಲೆ ಕಣ್ಣಿರುತ್ತದೆ. ಬದಲಿಸುವ ಮೊದಲು ಎರಡೂ ಕಡೆಯ ಬೆನ್ನಿನ ಫೋಟೊ ಕೇಳಿ, ನಿಮ್ಮದನ್ನೂ ಕಳಿಸಿ. ಅಂಗಡಿಯದ್ದಾದರೆ ಅಂಗಡಿಯದ್ದು ಅಂತ ಮೊದಲೇ ಹೇಳಿ. ಈ ವಲಯ ಚಿಕ್ಕದು, ಒಮ್ಮೆ ಹೆಸರು ಕೆಟ್ಟರೆ ಮತ್ತೆ ಯಾರೂ ಕೈ ಹಾಕುವುದಿಲ್ಲ.

ದೇಶದೊಳಗೆ ಸ್ಪೀಡ್ ಪೋಸ್ಟ್ ಸಾಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅದರಲ್ಲೇ ಸೇರಿತು. ಎರಡು ರಟ್ಟಿನ ನಡುವೆ ಇಟ್ಟು ಕಳಿಸಿ, ಮಡಚಿದ ಪ್ಯಾಚಿನ ಗೆರೆ ಹೋಗುವುದಿಲ್ಲ. ವಿದೇಶದಿಂದ ತರಿಸುವಾಗ ಒಂದು ವಿಷಯ ನೆನಪಿರಲಿ: ಉಡುಗೊರೆ ಅಂತ ಬರೆಸಿದರೆ ಸುಂಕ ತಪ್ಪುತ್ತದೆ ಅನ್ನುವುದು ಹಳೆಯ ಕಾಲದ ಮಾತು. ಆ ರಿಯಾಯಿತಿಯನ್ನು 2019ರ ಡಿಸೆಂಬರ್‌ನಲ್ಲಿ ತೆಗೆದರು, ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ ಉಳಿಸಿದರು. ಕವರಿನ ಮೇಲೆ "ಎಂಬ್ರಾಯ್ಡರಿ ಮಾಡಿದ ಬಟ್ಟೆಯ ಪ್ಯಾಚ್, ಸಂಗ್ರಹಕ್ಕೆ" ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಸಿ, ನಿಜವಾದ ಬೆಲೆ ಹಾಕಿಸಿ. ಬರೀ "ಮಿಲಿಟರಿ" ಅಂತ ಒಂದು ಪದ ಬರೆದು ಕಳಿಸಿದರೆ ಕವರು ಕಸ್ಟಮ್ಸ್ ಮೇಜಿನ ಮೇಲೆ ಸುಮ್ನೆ ಕೂರುತ್ತದೆ. ಸುಂಕ ಬಿದ್ದರೆ ಪೋಸ್ಟ್‌ಮ್ಯಾನ್ ಬಾಗಿಲಲ್ಲೇ ಕೇಳುತ್ತಾರೆ. ಕಟ್ಟಿ ರಸೀದಿ ಪಡೆದು, ಅದನ್ನೂ ಆ ಪ್ಯಾಚಿನ ಚೀಟಿಯ ಹಿಂದೆಯೇ ಇಡಿ.